ಒಂದೇ ಪ್ರವಾಸದಲ್ಲಿ ಎರಡು ಚಾರಣ: ಎವರೆಸ್ಟ್ ಬೇಸ್ ಕ್ಯಾಂಪ್ ಮತ್ತು ಗೋಕ್ಯೋ ಸರೋವರಗಳು

ಎವರೆಸ್ಟ್ ಬೇಸ್ ಕ್ಯಾಂಪ್ ನೋಡಬೇಕೆಂಬ ಆಸೆ ನಮ್ಮ ಗಡಿನಾಡಿನ ಊರುಗಳಲ್ಲೂ ಹಲವರಿಗಿದೆ. ಅಷ್ಟು ದೂರ ಹೋದ ಮೇಲೆ ಪಕ್ಕದ ಕಣಿವೆಯ ಗೋಕ್ಯೋ ಸರೋವರಗಳನ್ನೂ ನೋಡಿಕೊಂಡು ಬರಬಹುದೇ ಎಂಬ ಪ್ರಶ್ನೆ ಸಹಜ. ಖಂಡಿತ ಬರಬಹುದು. ಆದರೆ ರಜೆ ಸಾಲದೆಂದು ನಡುವಿನ ವಿಶ್ರಾಂತಿ ದಿನಗಳನ್ನು ಕಿತ್ತುಹಾಕಿದರೆ ಜೀವಕ್ಕೇ ಅಪಾಯ. ಹೊರಡುವ ಮುನ್ನ ತಿಳಿದಿರಬೇಕಾದ ಸಂಗತಿಗಳನ್ನು ಸದಸ್ಯರ ಅನುಕೂಲಕ್ಕಾಗಿ ಇಲ್ಲಿ ಒಟ್ಟುಗೂಡಿಸಿದ್ದೇವೆ.

ಎರಡನ್ನು ಸೇರಿಸುವುದರ ಲಾಭವೇನು?

ಲುಕ್ಲಾದಿಂದ ಬೇಸ್ ಕ್ಯಾಂಪ್‌ಗೆ ಹೋಗಿ ಮರಳಲು ಸುಮಾರು 12 ದಿನ ಬೇಕು. ಗೋಕ್ಯೋ ಒಂದನ್ನೇ ನೋಡಿ ಬರಲೂ ಹತ್ತು ದಿನಕ್ಕೆ ಕಡಿಮೆಯಿಲ್ಲ. ಎರಡನ್ನೂ ಚೋ ಲಾ ಕಣಿವೆಮಾರ್ಗದ ಮೂಲಕ ಜೋಡಿಸಿದರೆ 15 ದಿನದಲ್ಲಿ ಮುಗಿಯುತ್ತದೆ. ವಿಮಾನದ ಖರ್ಚು ಒಂದೇ ಸಲ. ಅದಕ್ಕಿಂತ ದೊಡ್ಡ ಲಾಭ ದೇಹಕ್ಕೆ ಸಂಬಂಧಿಸಿದ್ದು. ಎತ್ತರಕ್ಕೆ ಒಗ್ಗಿಕೊಳ್ಳಲು ದೇಹ ಹಲವು ದಿನ ತೆಗೆದುಕೊಳ್ಳುತ್ತದೆ. ಊರಿಗೆ ಮರಳಿದ ಕೆಲವು ವಾರಗಳಲ್ಲಿ ಆ ಒಗ್ಗುವಿಕೆ ಕರಗಿಹೋಗುತ್ತದೆ. ಒಮ್ಮೆ ಒಗ್ಗಿದ ದೇಹವನ್ನು ಎರಡು ಕಣಿವೆಗಳಿಗೆ ಬಳಸಿಕೊಳ್ಳುವುದೇ ಈ ಯೋಜನೆಯ ತಿರುಳು.

ನೋಟವೂ ಬೇರೆ ಬೇರೆ. ಬೇಸ್ ಕ್ಯಾಂಪ್‌ನಿಂದ ಎವರೆಸ್ಟ್ ಶಿಖರ ಕಾಣುವುದಿಲ್ಲ; ಅದಕ್ಕಾಗಿ ಕಾಲಾ ಪತ್ಥರ್ ಹತ್ತಬೇಕು. ಗೋಕ್ಯೋ ರಿ ಮೇಲಿನಿಂದ ಎವರೆಸ್ಟ್, ಲ್ಹೋತ್ಸೆ, ಮಕಾಲು, ಚೋ ಓಯು ಎಂಬ 8,000 ಮೀಟರ್ ಮೀರಿದ ನಾಲ್ಕು ಶಿಖರಗಳು ಕಾಣುತ್ತವೆ. ಗೋಕ್ಯೋ ಸರೋವರಗಳು 2007ರಿಂದ ರಾಮ್ಸಾರ್ ಪಟ್ಟಿಯಲ್ಲಿವೆ.

ದಿನವಾರು ದಾರಿ (ಎತ್ತರ ಮೀಟರ್‌ಗಳಲ್ಲಿ, ಸುಮಾರು)

1. ಲುಕ್ಲಾ (2,860) – ಫಾಕ್ಡಿಂಗ್ (2,610)
2. ನಾಮ್ಚೆ ಬಜಾರ್ (3,440)
3. ನಾಮ್ಚೆಯಲ್ಲೇ ವಿಶ್ರಾಂತಿ
4. ತೆಂಗ್‌ಬೋಚೆ (3,860)
5. ದಿಂಗ್‌ಬೋಚೆ (4,410)
6. ದಿಂಗ್‌ಬೋಚೆಯಲ್ಲೇ ವಿಶ್ರಾಂತಿ
7. ಲೋಬುಚೆ (4,940)
8. ಗೋರಕ್ ಶೆಪ್ (5,160), ಬೇಸ್ ಕ್ಯಾಂಪ್ (5,364) ನೋಡಿ ಮರಳಿ ಗೋರಕ್ ಶೆಪ್
9. ಬೆಳಗಿನ ಜಾವ ಕಾಲಾ ಪತ್ಥರ್ (5,545), ನಂತರ ಜೋಂಗ್ಲಾ (4,830)
10. ಚೋ ಲಾ (5,420) ದಾಟಿ ಥಾಗ್ನಾಕ್ (4,700)
11. ಗೋಕ್ಯೋ (4,790)
12. ಗೋಕ್ಯೋ ರಿ (5,357), ವಾಸ ಗೋಕ್ಯೋದಲ್ಲೇ
13. ದೋಲೆ
14. ನಾಮ್ಚೆ
15. ಲುಕ್ಲಾ

ವಿಶ್ರಾಂತಿ ದಿನವೆಂದರೆ ಮಲಗಿರುವ ದಿನವಲ್ಲ. ಹಗಲಿನಲ್ಲಿ ಮುನ್ನೂರು ನಾನೂರು ಮೀಟರ್ ಮೇಲೆ ಹತ್ತಿ, ರಾತ್ರಿ ಕೆಳಗೆ ಬಂದು ಮಲಗಬೇಕು.

ಎತ್ತರದ ಲೆಕ್ಕ

ಕಾಸರಗೋಡು ಸಮುದ್ರಮಟ್ಟದ ಊರು. ಸೊಲ್ಲಾಪುರ 500 ಮೀಟರ್‌ಗಿಂತಲೂ ಕೆಳಗಿದೆ. ನೀಲಗಿರಿಯವರು ಎತ್ತರಕ್ಕೆ ಪರಿಚಿತರೇ ಆದರೂ ದೊಡ್ಡಬೆಟ್ಟದ ತುದಿ 2,637 ಮೀಟರ್. ಚಾರಣ ಶುರುವಾಗುವ ಲುಕ್ಲಾ ಅದಕ್ಕಿಂತ ಎತ್ತರದಲ್ಲಿದೆ. ಬೇಸ್ ಕ್ಯಾಂಪ್‌ನಲ್ಲಿ ಸಿಗುವ ಆಮ್ಲಜನಕ ಸಮುದ್ರಮಟ್ಟದಲ್ಲಿ ಸಿಗುವುದರ ಸುಮಾರು ಅರ್ಧ. ವಯನಾಡು, ನೀಲಗಿರಿಯ ಬೆಟ್ಟಗಳಲ್ಲಿ ಅಭ್ಯಾಸ ಮಾಡಿದರೆ ಕಾಲಿಗೆ ಬಲ ಬರುತ್ತದೆ, ಆದರೆ ತೆಳುಗಾಳಿಗೆ ಅದು ಸಿದ್ಧತೆಯಲ್ಲ. ಗಟ್ಟಿಮುಟ್ಟಾದ ಯುವಕರಿಗೂ ಎತ್ತರದ ಕಾಯಿಲೆ ಬರುತ್ತದೆ.

ವೈದ್ಯರು ಹೇಳುವ ಸೂತ್ರ ಸರಳ: 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗದ ಎತ್ತರವನ್ನು ದಿನಕ್ಕೆ 500 ಮೀಟರ್‌ಗಿಂತ ಹೆಚ್ಚಿಸಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಒಂದು ದಿನ ನಿಲ್ಲಬೇಕು. ಮೇಲಿನ ಪಟ್ಟಿಯಲ್ಲಿ ದಿಂಗ್‌ಬೋಚೆ ಮತ್ತು ಲೋಬುಚೆಗಳ ಏರು ಈ ಮಿತಿಯನ್ನು ಸ್ವಲ್ಪ ಮೀರುತ್ತದೆ. ಆದ್ದರಿಂದಲೇ ಅವೆರಡರ ನಡುವಿನ ವಿಶ್ರಾಂತಿ ದಿನವನ್ನು ಬಿಡುವಂತಿಲ್ಲ.

ತಲೆನೋವು, ವಾಕರಿಕೆ, ಊಟ ಸೇರದಿರುವುದು, ನಿದ್ದೆ ಬಾರದಿರುವುದು ಮೊದಲ ಲಕ್ಷಣಗಳು. ಆಗ ಮೇಲೆ ಹೋಗದೆ ಅಲ್ಲೇ ನಿಲ್ಲಬೇಕು. ಕುಳಿತಾಗಲೂ ಏದುಸಿರು, ಬಿಡದ ಕೆಮ್ಮು ಬಂದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತಿರಬಹುದು. ಮಾತು ತೊದಲಿದರೆ, ಗೊಂದಲವಾದರೆ, ಹೆಜ್ಜೆಗೆ ಹೆಜ್ಜೆ ತಾಗಿಸಿ ನೇರ ನಡೆಯಲಾಗದಿದ್ದರೆ ಮಿದುಳಿನಲ್ಲಿ ಊತ ಬಂದಿರಬಹುದು. ಇವೆರಡರಲ್ಲಿ ಯಾವುದಾದರೂ ಕಂಡರೆ ಬೆಳಗಾಗಲಿ ಎಂದು ಕಾಯದೆ, ರಾತ್ರಿಯಾದರೂ ಜೊತೆಯಲ್ಲಿ ಜನರಿಟ್ಟುಕೊಂಡು ಕೆಳಗಿಳಿಸಬೇಕು. ಅಸೆಟಜೋಲಮೈಡ್ ಮಾತ್ರೆಯನ್ನು ವೈದ್ಯರನ್ನು ಕೇಳದೆ ತೆಗೆದುಕೊಳ್ಳಬಾರದು. ಸಲ್ಫಾ ಔಷಧಿ ಒಗ್ಗದವರು ಅದನ್ನು ಮೊದಲೇ ಹೇಳಬೇಕು. ದಿಂಗ್‌ಬೋಚೆಯ ಹತ್ತಿರದ ಫೆರಿಚೆಯಲ್ಲಿ ಹಿಮಾಲಯನ್ ರೆಸ್ಕ್ಯೂ ಅಸೋಸಿಯೇಷನ್‌ನ ಚಿಕಿತ್ಸಾಲಯ ಚಾರಣದ ಎರಡೂ ಋತುಗಳಲ್ಲಿ ತೆರೆದಿರುತ್ತದೆ.

ಚೋ ಲಾ ದಾಟುವ ದಿನ

ಇಡೀ ಚಾರಣದಲ್ಲಿ ಕಷ್ಟದ ದಿನ ಇದೇ. ಪೂರ್ವದಲ್ಲಿ ಬಂಡೆಗಳ ಏರು, ಬಳಿಕ ಹಿಮನದಿಯ ಮೇಲಿನ ನಡಿಗೆ. ಪಶ್ಚಿಮದಲ್ಲಿ ಸಡಿಲ ಕಲ್ಲುಗಳ ಕಡಿದಾದ ಇಳಿಜಾರು. ಸೂರ್ಯ ಹುಟ್ಟುವ ಮುನ್ನವೇ ಹೊರಡಬೇಕು. ಬೂಟಿಗೆ ಕಟ್ಟುವ ಮುಳ್ಳುಪಟ್ಟಿ ಅಗತ್ಯ. ಹಿಂದಿನ ಸಂಜೆ ಜೋಂಗ್ಲಾದಲ್ಲಿ ದಾರಿ ತೆರೆದಿದೆಯೇ ಎಂದು ವಿಚಾರಿಸಿ. ಹಿಮ ಬಿದ್ದು ಮುಚ್ಚಿದ್ದರೆ ಫೆರಿಚೆಗೆ ಇಳಿದು, ಫೋರ್ಟ್ಸೆ ಮಾರ್ಗವಾಗಿ ಸುತ್ತಿ ಗೋಕ್ಯೋಗೆ ಹೋಗಬಹುದು. ಒಂದೆರಡು ದಿನ ಹೆಚ್ಚು ಹಿಡಿಯುತ್ತದೆ, ಅಷ್ಟೇ. ಅಕ್ಟೋಬರ್–ನವೆಂಬರ್ ಹಾಗೂ ಏಪ್ರಿಲ್–ಮೇ ಸೂಕ್ತ ಕಾಲ.

ಕಾಗದಪತ್ರ, ವಿಮೆ, ಹಣ

ಭಾರತೀಯರಿಗೆ ನೇಪಾಳದ ವೀಸಾ ಬೇಡ. ವಿಮಾನದಲ್ಲಿ ಹೋಗುವವರು ಪಾಸ್‌ಪೋರ್ಟ್ ಅಥವಾ ಮತದಾರರ ಗುರುತಿನ ಚೀಟಿ ಒಯ್ಯಬೇಕು. ಆಧಾರ್ ಒಂದನ್ನೇ ನಂಬಿ ಹೊರಡಬೇಡಿ. ನಮ್ಮವರ ಹೆಸರುಗಳು ಮಲಯಾಳ, ತಮಿಳು, ಮರಾಠಿ, ತೆಲುಗು ಕಚೇರಿಗಳನ್ನು ಹಾದು ಬರುವಾಗ ಕಾಗುಣಿತ ಬದಲಾಗಿರುವುದುಂಟು. ಟಿಕೆಟ್ಟಿನಲ್ಲೂ ಗುರುತಿನ ಚೀಟಿಯಲ್ಲೂ ಹೆಸರು ಒಂದೇ ರೀತಿ ಇದೆಯೇ ನೋಡಿಕೊಳ್ಳಿ. ಸಾಗರಮಾಥಾ ರಾಷ್ಟ್ರೀಯ ಉದ್ಯಾನದ ಪರವಾನಗಿ, ಸ್ಥಳೀಯ ಗ್ರಾಮಪಾಲಿಕೆಯ ಪರವಾನಗಿ ಎರಡೂ ಬೇಕು. ಉದ್ಯಾನದ ಶುಲ್ಕದಲ್ಲಿ ಸಾರ್ಕ್ ದೇಶದವರಿಗೆ ರಿಯಾಯಿತಿ ಇದೆ.

ವಿಮೆ ಮಾಡಿಸುವಾಗ ಎರಡು ವಿಷಯ ಓದಿ: 6,000 ಮೀಟರ್‌ವರೆಗಿನ ಚಾರಣಕ್ಕೆ ಅನ್ವಯಿಸುತ್ತದೆಯೇ, ಹೆಲಿಕಾಪ್ಟರ್ ವೆಚ್ಚ ಸೇರಿದೆಯೇ. ಎಷ್ಟೋ ಪಾಲಿಸಿಗಳು ಇದಕ್ಕಿಂತ ಕೆಳಗೇ ನಿಂತುಬಿಡುತ್ತವೆ. ನಾಮ್ಚೆ ದಾಟಿದ ಮೇಲೆ ನಗದೇ ಗತಿ. ನಮ್ಮ ಒಂದು ರೂಪಾಯಿಗೆ ನೇಪಾಳದ 1.60 ರೂಪಾಯಿ.

ಲುಕ್ಲಾ ವಿಮಾನಗಳು ಮೋಡ ಕವಿದರೆ ಹಾರುವುದಿಲ್ಲ. ಜನಸಂದಣಿಯ ತಿಂಗಳುಗಳಲ್ಲಿ ಅವು ಕಾಠ್ಮಂಡುವಿನ ಬದಲು, ನಾಲ್ಕೈದು ಗಂಟೆ ದೂರದ ರಾಮೇಛಾಪ್‌ನಿಂದ ಹೊರಡುತ್ತವೆ. ಕೈಯಲ್ಲಿ ಕನಿಷ್ಠ ಎರಡು ಹೆಚ್ಚುವರಿ ದಿನ ಇರಲಿ. ಊರಿಂದ ಊರಿಗೆ ಒಟ್ಟು ಮೂರು ವಾರ ಎಂದಿಟ್ಟುಕೊಳ್ಳಿ.

ಗೈಡ್, ಹೊರೆಯಾಳು, ಭಾಷೆ

ಚೋ ಲಾ ದಾಟುವವರು ಗೈಡ್ ಇಲ್ಲದೆ ಹೋಗಬಾರದು. ಹೊರೆ ಹೊರುವವರಲ್ಲಿ ಅನೇಕರು ಕೆಳಗಿನ ಗುಡ್ಡಗಾಡಿನವರು; ಎತ್ತರದ ಕಾಯಿಲೆ ಅವರನ್ನೂ ಬಿಡುವುದಿಲ್ಲ. ಅವರಿಗೆ ಬೆಚ್ಚನೆಯ ಬಟ್ಟೆ, ವಿಮೆ, ಮಲಗಲು ಸರಿಯಾದ ಜಾಗ ಇದೆಯೇ ಎಂದು ಒಪ್ಪಂದದ ಹೊತ್ತಿನಲ್ಲೇ ಕೇಳಿ.

ಹಿಂದಿ ಬಂದರೆ ಕೆಲಸ ನಡೆಯುತ್ತದೆ. ಹಿಂದಿ ಬಾರದ ಹಿರಿಯರು ತಂಡದಲ್ಲಿದ್ದರೆ ಎರಡು ನೇಪಾಳಿ ಮಾತು ಕಲಿಸಿಡಿ: 'ಟಾವುಕೋ ದುಖ್ಯೋ' ಎಂದರೆ ತಲೆ ನೋಯುತ್ತಿದೆ, 'ಲೇಕ್ ಲಾಗ್ಯೋ' ಎಂದರೆ ಎತ್ತರದ ಕಾಯಿಲೆ ತಗುಲಿದೆ. ರಕ್ತದ ಗುಂಪು, ತೆಗೆದುಕೊಳ್ಳುವ ಮಾತ್ರೆಗಳ ಹೆಸರನ್ನು ಇಂಗ್ಲಿಷಿನಲ್ಲಿ ಬರೆದ ಚೀಟಿ ಪ್ರತಿಯೊಬ್ಬರ ಜೇಬಿನಲ್ಲಿರಲಿ.

ಇಷ್ಟು ದಿನ ಸಿಗದವರಿಗೆ

ಒಂದು ವಾರದ ರಜೆ ಇರುವವರಿಗೆ ಉತ್ತರಾಖಂಡದ ಘಾಂಗ್ರಿಯಾ ಒಳ್ಳೆಯ ಆಯ್ಕೆ. ಸುಮಾರು 3,050 ಮೀಟರ್ ಎತ್ತರದ ಈ ಒಂದೇ ಹಳ್ಳಿಯಲ್ಲಿ ಉಳಿದುಕೊಂಡು ಒಂದು ದಿನ ಹೂಗಳ ಕಣಿವೆ, ಮರುದಿನ 4,000 ಮೀಟರ್ ಮೀರಿದ ಹೇಮಕುಂಡ್ ಸಾಹಿಬ್ ನೋಡಬಹುದು. ತಗ್ಗಿನ ಕಣಿವೆ ಮೊದಲು, ಎತ್ತರದ ಹೇಮಕುಂಡ ಆಮೇಲೆ ಎಂಬ ಕ್ರಮವನ್ನು ತಪ್ಪಿಸಬೇಡಿ. ಜುಲೈ–ಆಗಸ್ಟ್‌ನಲ್ಲಿ ಹೂ ಹೆಚ್ಚು, ಮಳೆಯೂ ಹೆಚ್ಚು.

ಎವರೆಸ್ಟ್ ದಾರಿಯಲ್ಲಿ ಜೋಂಗ್ಲಾ ತಲುಪಿದಾಗ ತಂಡದಲ್ಲಿ ಒಬ್ಬರಿಗೆ ಹುಷಾರಿಲ್ಲವೆಂದರೂ ಚೋ ಲಾ ಬಿಟ್ಟು ಎಲ್ಲರೂ ಫೆರಿಚೆಗೆ ಇಳಿಯುತ್ತೇವೆ ಎಂಬ ಮಾತನ್ನು ಊರಲ್ಲೇ ಎಲ್ಲರೂ ಒಪ್ಪಿಕೊಂಡು ಹೊರಡಿ. ಗೋಕ್ಯೋ ಇನ್ನೊಂದು ವರ್ಷಕ್ಕೂ ಅಲ್ಲೇ ಇರುತ್ತದೆ.