ಅರಳು ಮರಳಿಗೆ ಹೆಸರು ಸಿಕ್ಕ ಮೇಲೆ

'ಅರವತ್ತಕ್ಕೆ ಅರಳು ಮರಳು' ಅನ್ನೋ ಮಾತು ಕೇಳದ ಕನ್ನಡಿಗ ಇರಲಿಕ್ಕಿಲ್ಲ. ವಯಸ್ಸಾದವರು ಉಂಡದ್ದನ್ನು ಮರೆತು ಮತ್ತೆ ತಾಟು ಕೇಳಿದರೆ, ಹೆತ್ತ ಮಗನಿಗೇ 'ನೀ ಯಾರಪಾ?' ಅಂದರೆ, ನಮ್ಮ ಹೊನವಾಡದ ಕಡೆ ಈ ಒಂದು ಮಾತಿಗೆ ವಿಷಯ ಮುಗಿದು ಹೋಗ್ತಿತ್ತು. ಜ್ವರಕ್ಕೆ, ಕೆಮ್ಮಿಗೆ, ಮೊಣಕಾಲಿಗೆ ಡಾಕ್ಟರು ಬೇಕು. ಮರೆವಿಗೆ ಯಾಕೆ ಬೇಕು?

ರೋಗ ಅಂತ ಗೊತ್ತಿಲ್ಲದ್ದರಿಂದ ಮುಚ್ಚಿಡೋ ಪ್ರಶ್ನೆಯೂ ಇರಲಿಲ್ಲ. ಮುತ್ತ್ಯಾ ಹೊಲದ ದಾರಿ ಬಿಟ್ಟು ತಿಕೋಟಾ ರಸ್ತೆ ಹಿಡಿದರೆ ಕಟ್ಟೆ ಮೇಲೆ ಕೂತವರಲ್ಲಿ ಯಾರಾದ್ರೂ ಎದ್ದು, 'ಎಲ್ಲಿಗಿ ಹೊಂಟಿ ಮುತ್ತ್ಯಾ? ಬಾ, ಚಾ ಕುಡದು ಹೋಗೂಣು' ಅಂತ ಕೈ ಹಿಡಿದು ಮನೆ ಮುಟ್ಟಿಸ್ತಿದ್ರು. ಇವತ್ತು ಇದನ್ನೇ 'ಡಿಮೆನ್ಷಿಯಾ ಸ್ನೇಹಿ ಸಮುದಾಯ' ಅಂತಾರೆ.

ಹಳ್ಳಿಯನ್ನ ಹಾಡಿ ಹೊಗಳೋಕೆ ಇದನ್ನ ಹೇಳ್ತಿಲ್ಲ. ರಸ್ತೆಗೆ ಬಂದ ಮುತ್ತ್ಯಾನನ್ನ ಊರು ನೋಡಿಕೊಳ್ತಿತ್ತು, ನಿಜ. ಮನೆಯೊಳಗೆ ನೋಡಿಕೊಳ್ತಿದ್ದದ್ದು ಒಬ್ಬಳೇ ಸೊಸೆ. ನಡುರಾತ್ರಿ ಚಿಲಕ ತೆಗೆಯೋ ಸಪ್ಪಳಕ್ಕೆ ಏಳೋದು, ಹಾಸಿಗೆ ಒಗೆಯೋದು ಅವಳ ಕೆಲಸ. ಅಷ್ಟು ಮಾಡಿಯೂ 'ಸೊಸಿ ನನಗ ರೊಟ್ಟಿ ಕೊಡೂದಿಲ್ಲ' ಅಂತ ಓಣಿಯಲ್ಲೆಲ್ಲ ಹೇಳಿಸಿಕೊಳ್ಳಬೇಕು. ಓಣಿ ಅದನ್ನ ನಂಬ್ತಿತ್ತು ಕೂಡ. ರೋಗಕ್ಕೆ ಹೆಸರಿಲ್ಲದಿದ್ದರೆ ತಪ್ಪು ಆರೈಕೆ ಮಾಡೋರ ತಲೆಗೇ ಬರ್ತದೆ.

ಹೆಸರು ಹುಟ್ಟಿದ್ದು ಜರ್ಮನಿಯಲ್ಲಿ. 1901ರಲ್ಲಿ ಫ್ರಾಂಕ್‌ಫರ್ಟ್‌ನ ಆಸ್ಪತ್ರೆಗೆ ಆಗಸ್ಟೆ ಡೇಟರ್ ಎಂಬ 51 ವರ್ಷದ ಹೆಣ್ಣುಮಗಳು ದಾಖಲಾದಳು. ವೈದ್ಯ ಅಲೋಯ್ಸ್ ಅಲ್ಝೈಮರ್ ಅವಳ ಮರೆವನ್ನ ಬರೆದಿಟ್ಟುಕೊಂಡ. 1906ರಲ್ಲಿ ಅವಳು ತೀರಿಕೊಂಡ ಮೇಲೆ ಮೆದುಳನ್ನ ಪರೀಕ್ಷಿಸಿ, ಕಂಡದ್ದನ್ನ ಅದೇ ವರ್ಷ ವೈದ್ಯರ ಸಭೆಯಲ್ಲಿ ವಿವರಿಸಿದ. 1910ರಲ್ಲಿ ಕ್ರೇಪೆಲಿನ್ ತನ್ನ ಪಠ್ಯಪುಸ್ತಕದಲ್ಲಿ ಈ ರೋಗಕ್ಕೆ ಅಲ್ಝೈಮರನ ಹೆಸರಿಟ್ಟ. ಆದರೆ ಡೇಟರ್‌ಗೆ ವಯಸ್ಸು ಕಡಿಮೆ ಇತ್ತಲ್ಲ, ಹಾಗಾಗಿ ಇದು ನಡುವಯಸ್ಸಿನವರಿಗೆ ಬರೋ ಅಪರೂಪದ ರೋಗ ಅಂತ ವೈದ್ಯಲೋಕ ದಶಕಗಳ ಕಾಲ ತಿಳಿದಿತ್ತು. ಮುದುಕರ ಮರೆವು ಬೇರೆ, ಅದು ಮುಪ್ಪಿನ ಸಹಜ ಗುಣ ಅಂತ. ಎರಡೂ ಒಂದೇ ರೋಗ ಅಂತ ಅಮೆರಿಕದ ರಾಬರ್ಟ್ ಕಾಟ್ಜ್‌ಮನ್ ಗಟ್ಟಿಯಾಗಿ ವಾದಿಸಿದ್ದು 1976ರಲ್ಲಿ. ಅಂದ್ರೆ 'ಅರಳು ಮರಳು' ಅಂತ ಸುಮ್ಮನಾದದ್ದು ನಮ್ಮ ಕಟ್ಟೆಯವರಷ್ಟೇ ಅಲ್ಲ, ದೊಡ್ಡ ದೊಡ್ಡ ಡಾಕ್ಟರುಗಳೂ ಅದನ್ನೇ ಮಾಡಿದ್ರು.

ಅದಾದ ಮೇಲೆ ರೋಗಿಗಳ ಮನೆಯವರು ಒಂದುಗೂಡತೊಡಗಿದರು. ಬ್ರಿಟನ್ನಿನಲ್ಲಿ 1979ರಲ್ಲಿ, ಅಮೆರಿಕದಲ್ಲಿ 1980ರಲ್ಲಿ ಸಂಘಗಳು ಹುಟ್ಟಿದವು. ಭಾರತದಲ್ಲಿ 1992ರಲ್ಲಿ ಡಾ. ಜೇಕಬ್ ರಾಯ್ ಕೇರಳದಲ್ಲಿ ಎಆರ್‌ಡಿಎಸ್‌ಐ ಕಟ್ಟಿದರು. 1998ರಲ್ಲಿ ಕೊಚ್ಚಿಯಲ್ಲಿ ಸೇರಿದ ಸಂಶೋಧಕರು ತಮ್ಮ ಗುಂಪಿಗೆ '10/66' ಅಂತ ಹೆಸರಿಟ್ಟುಕೊಂಡರು. ಮರೆವಿನ ರೋಗಿಗಳಲ್ಲಿ ಶೇ. 66ರಷ್ಟು ಜನ ಬಡ ಹಾಗೂ ಬೆಳೆಯುತ್ತಿರುವ ದೇಶಗಳಲ್ಲಿದ್ದಾರೆ, ಸಂಶೋಧನೆ ಮಾತ್ರ ಶೇ. 10ರಷ್ಟೂ ಅಲ್ಲಿ ನಡೆದಿಲ್ಲ ಅನ್ನೋ ಲೆಕ್ಕ ಆ ಹೆಸರಲ್ಲೇ ಇದೆ.

ನನಗೆ ಎಲ್ಲಕ್ಕಿಂತ ಮುಖ್ಯ ಅನಿಸೋದು ಗೋವಾದಲ್ಲಿ ನಡೆದ ಪ್ರಯೋಗ. ನಮ್ಮ ಜಿಲ್ಲೆಯ ಜನ ದುಡಿಯೋಕೆ ಹೋಗೋ ಅದೇ ಗೋವಾ. ಡಾ. ಅಮಿತ್ ಡಯಸ್ ಮತ್ತು ಜೊತೆಗಾರರು 81 ಕುಟುಂಬಗಳನ್ನ ಆರಿಸಿಕೊಂಡರು. ಸ್ಥಳೀಯರಿಗೇ ಒಂದು ವಾರದ ತರಬೇತಿ ಕೊಟ್ಟು, ಹದಿನೈದು ದಿನಕ್ಕೊಮ್ಮೆಯಾದ್ರೂ ಮನೆಗೆ ಕಳಿಸಿದರು. ರೋಗ ಏನು ಅಂತ ತಿಳಿಸೋದು, ಸಿಟ್ಟು ಬಂದಾಗ ಹೇಗೆ ಮಾತಾಡಬೇಕು ಅಂತ ಹೇಳೋದು, ಮನೆಯವರ ಕಷ್ಟ ಕೇಳೋದು ಅವರ ಕೆಲಸ. 2008ರಲ್ಲಿ ಫಲಿತಾಂಶ ಪ್ರಕಟವಾಯ್ತು. ರೋಗಿಗಳಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಕಾಣಲಿಲ್ಲ. ಆದರೆ ಆರೈಕೆ ಮಾಡೋರ ಮನಸ್ಸಿನ ಆರೋಗ್ಯ ಸುಧಾರಿಸಿತ್ತು. ನಮ್ಮ ಓಣಿಯ ಸೊಸೆಗೆ ಬೇಕಿದ್ದದ್ದು ಇದೇ.

ಕರ್ನಾಟಕದಲ್ಲಿ ಮೊದಲು ಕೆಲಸ ಆದದ್ದು ಬೆಂಗಳೂರಲ್ಲಿ. 1998ರಲ್ಲಿ ಶುರುವಾದ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ 2010ರಲ್ಲಿ ಕಸ್ತೂರಿನಗರದಲ್ಲಿ ಡಿಮೆನ್ಷಿಯಾದವರಿಗಾಗಿಯೇ ಒಂದು ಕೇಂದ್ರ ತೆರೆಯಿತು. 2016ರ 'ಗೋಧಿ ಬಣ್ಣ ಸಾಧಾರಣ ಮೈಕಟ್ಟು' ಚಿತ್ರದಲ್ಲಿ ಅನಂತ್ ನಾಗ್ ಅವರನ್ನು ನೋಡಿ ಎಷ್ಟೋ ಜನಕ್ಕೆ ಅಲ್ಝೈಮರ್ ಅನ್ನೋ ಪದ ಪರಿಚಯವಾಯ್ತು. 2022ರಲ್ಲಿ ನಿಮ್ಹಾನ್ಸ್ ಮತ್ತು ರಾಜ್ಯ ಸರ್ಕಾರ ಸೇರಿ ಮೆದುಳಿನ ಆರೋಗ್ಯದ ಯೋಜನೆ ಶುರುಮಾಡಿದವು. ಮೊದಲು ಬೆಂಗಳೂರಿನ ಸುತ್ತಮುತ್ತ, ಆಮೇಲೆ ದೂರದ ಜಿಲ್ಲಾ ಆಸ್ಪತ್ರೆಗಳ ಕಡೆಗೂ ಅದು ಹರಡಿತು.

ಬೆಂಗಳೂರಿನಿಂದ ವಿಜಯಪುರಕ್ಕೆ ಐನೂರು ಕಿಲೋಮೀಟರ್ ಮೇಲಾಗ್ತದೆ. ರೋಗ ಜಾಸ್ತಿ ಇರೋದು ಮಾತ್ರ ಹಳ್ಳಿಗಳಲ್ಲೇ. 2023ರಲ್ಲಿ ಬಂದ ರಾಷ್ಟ್ರೀಯ ಅಧ್ಯಯನದ ಅಂದಾಜಿನ ಪ್ರಕಾರ ದೇಶದಲ್ಲಿ 60 ದಾಟಿದವರಲ್ಲಿ ಶೇ. 7.4ರಷ್ಟು, ಅಂದ್ರೆ 88 ಲಕ್ಷ ಜನಕ್ಕೆ ಡಿಮೆನ್ಷಿಯಾ ಇದೆ. ಪಟ್ಟಣಕ್ಕಿಂತ ಹಳ್ಳಿಯಲ್ಲಿ, ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ನಿನ್ನೆ ಮಾವನ ಆರೈಕೆ ಮಾಡಿದ ಸೊಸೆಯೇ ನಾಳೆ ಮರೆಯೋ ಮುದುಕಿ ಆಗಬಹುದು ಅಂತ ಈ ಲೆಕ್ಕ ಹೇಳ್ತದೆ. ಅವಳನ್ನ ನೋಡಿಕೊಳ್ಳಬೇಕಾದ ನಾವು ಪುಣೆ, ಬೆಂಗಳೂರಿನ ಆಫೀಸುಗಳಲ್ಲಿದ್ದೇವೆ.

ಜ್ಞಾನ ಊರಿನ ಕಡೆ ಹೊರಟ ಹೊತ್ತಿಗೆ ಕೈಗಳು ಊರು ಬಿಟ್ಟಿವೆ. ನಮ್ಮ ಕಾಲದ ಪೇಚು ಇದೇ. ಹಾಗಂತ ಎಲ್ಲರೂ ಕೆಲಸ ಬಿಟ್ಟು ಊರಿಗೆ ಹೋಗೋಕಾಗಲ್ಲ. ಆದರೆ ವಿಡಿಯೋ ಕಾಲ್‌ನಲ್ಲಿ ಅವ್ವ ಅದೇ ಪ್ರಶ್ನೆಯನ್ನ ನಾಲ್ಕನೇ ಸಲ ಕೇಳಿದಾಗ ನಕ್ಕು ಸುಮ್ಮನಾಗದೆ ಜಿಲ್ಲಾ ಆಸ್ಪತ್ರೆಗೆ ತೋರಿಸಬಹುದು. ಟೆಲಿ ಮಾನಸ್ ಸಹಾಯವಾಣಿ 14416 ಉಚಿತ, ಕನ್ನಡದಲ್ಲೂ ಮಾತಾಡ್ತಾರೆ. ಆರೈಕೆ ಮಾಡೋರು ತಮ್ಮ ದಣಿವು ಹೇಳಿಕೊಳ್ಳೋಕೂ ಅದಕ್ಕೆ ಫೋನ್ ಹಚ್ಚಬಹುದು. ಊರಲ್ಲಿರೋ ಅಣ್ಣ-ವೈನಿಗೆ ತಿಂಗಳಿಗೆ ದುಡ್ಡು ಹಾಕಿ ಕೈ ತೊಳ್ಕೊಳ್ಳೋ ಬದಲು, ವರ್ಷಕ್ಕೆ ಎರಡು ವಾರ ನಾವೇ ಹೋಗಿ ಕೂತು, ವೈನಿಗೆ ತವರಿಗೆ ಹೋಗಿ ಬಾ ಅನ್ನಬಹುದು. ಆ ಎರಡು ವಾರದ ರಾತ್ರಿಗಳಲ್ಲಿ ಚಿಲಕದ ಸಪ್ಪಳಕ್ಕೆ ನಾವೇ ಎದ್ದರೆ, ಅವಳು ಇಷ್ಟು ವರ್ಷ ಏನು ಮಾಡಿದಳು ಅನ್ನೋದು ಗೊತ್ತಾಗ್ತದೆ.