ಪ್ರಮಾದಕ್ಕೆ ದಂಡವೆಷ್ಟು? ನಂದಿದುರ್ಗದ ಚಿನ್ನ, ಬೇಲೆಕೇರಿಯ ಅದಿರು

ಬಂಗಾರಪೇಟೆಯ ಸಮೀಪದ ಕೋಲಾರ ಚಿನ್ನದ ಗಣಿಗಳಲ್ಲಿ ನಂದಿದುರ್ಗವೂ ಒಂದು. ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆಯ ಆಡಳಿತವಿದ್ದ ಕಾಲದಲ್ಲಿ, ಚಿನ್ನದ ಕಳವನ್ನು ತಡೆಯಲೆಂದು ಮೈಸೂರು ಸರ್ಕಾರವು 1897ರಲ್ಲಿ ಗಣಿ ಶಾಸನವನ್ನು ಜಾರಿಗೆ ತಂದಿತು. ಚಿನ್ನ ಬೆರೆತ ಪಾದರಸವಾಗಲಿ ಅದಿರಾಗಲಿ ಯಾರ ಬಳಿಯಲ್ಲಾದರೂ ದೊರೆತರೆ, ಅದು ತನಗೆ ಹೇಗೆ ಬಂತೆಂಬುದನ್ನು ಅವನೇ ವಿವರಿಸಬೇಕಿತ್ತು. ವಿವರಿಸಲಾರದವನು ದಂಡನೆಗೆ ಗುರಿಯಾಗುತ್ತಿದ್ದ. ಆರೋಪಿಸುವವನು ಹೊರಬೇಕಾದ ಸಾಕ್ಷ್ಯದ ಭಾರವು ಹೀಗೆ ಕೂಲಿಕಾರನ ಹೆಗಲಿಗೆ ಬಿತ್ತು.

ಸಾರ್ವಜನಿಕ ಸಂಪತ್ತಿನ ಕಾವಲಿಗಿದ್ದ ಅಧಿಕಾರಿಗೆ ಅನ್ವಯಿಸಿದ ಅಳತೆ ಬೇರೆ. 1860ರ ಭಾರತೀಯ ದಂಡ ಸಂಹಿತೆಯ 409ನೆಯ ಕಲಮು ಸರ್ಕಾರಿ ನೌಕರನ ನಂಬಿಕೆದ್ರೋಹಕ್ಕೆ ಜೀವಾವಧಿ ಶಿಕ್ಷೆಯವರೆಗೂ ಅವಕಾಶವಿತ್ತಿತು. ಆದರೆ ಅಪ್ರಾಮಾಣಿಕ ಉದ್ದೇಶವನ್ನು ಸಿದ್ಧಪಡಿಸಬೇಕಿತ್ತು. ಕಣ್ಣು ಮುಚ್ಚಿ ಸಹಿ ಹಾಕಿದವನು ಬಹುಮಟ್ಟಿಗೆ ಇಲಾಖಾ ವಿಚಾರಣೆಗಷ್ಟೇ ಒಳಗಾಗುತ್ತಿದ್ದ.

ಈ ವ್ಯತ್ಯಾಸವು ಪ್ರಾಚೀನರಿಗೆ ತಿಳಿಯದ್ದಲ್ಲ. ಅಧಿಕಾರಿಗಳಿಂದ ರಾಜಾದಾಯಕ್ಕೆ ಹಾನಿಯಾಗುವ ಕಾರಣಗಳನ್ನು ಎಣಿಸುವಾಗ ಕೌಟಿಲ್ಯನ ಅರ್ಥಶಾಸ್ತ್ರವು ಲೋಭವೊಂದನ್ನೇ ಹೇಳುವುದಿಲ್ಲ; ಅಜ್ಞಾನ, ಆಲಸ್ಯ, ಪ್ರಮಾದ, ಭಯಗಳನ್ನೂ ಅದರೊಂದಿಗೆ ಸೇರಿಸುತ್ತದೆ. ದಂಡದ ಪ್ರಮಾಣದ ಬಗ್ಗೆ ಅಲ್ಲಿ ಮತಭೇದವಿದೆ. ಪರಾಶರ ಪಂಥದವರು ನಷ್ಟದ ಎಂಟರಷ್ಟು, ಬೃಹಸ್ಪತಿಯ ಪಂಥದವರು ಹತ್ತರಷ್ಟು, ಉಶನಸನ ಪಂಥದವರು ಇಪ್ಪತ್ತರಷ್ಟು ಎನ್ನುತ್ತಾರೆ. ಅಪರಾಧಕ್ಕೆ ತಕ್ಕಷ್ಟು ಎಂಬುದು ಕೌಟಿಲ್ಯನ ನಿಲುವು. ಅಲಕ್ಷ್ಯವು ಲೋಭಕ್ಕೆ ಸಮವಲ್ಲ. ಹಾಗೆಂದು ಅದು ದಂಡನೀತಿಯ ಹೊರಗೂ ಇಲ್ಲ.

ಆಧುನಿಕ ಭಾರತವೂ ಒಮ್ಮೆ ಈ ನಡುದಾರಿಯನ್ನು ಪರೀಕ್ಷಿಸಿತು. 1988ರ ಭ್ರಷ್ಟಾಚಾರ ನಿಯಂತ್ರಣ ಕಾಯಿದೆಯ 13ನೆಯ ಕಲಮಿನ ಒಂದು ಉಪವಾಕ್ಯದಂತೆ, ಸಾರ್ವಜನಿಕ ಹಿತವಿಲ್ಲದೆ ಇನ್ನೊಬ್ಬರಿಗೆ ಆರ್ಥಿಕ ಲಾಭ ದೊರಕಿಸಿಕೊಡುವುದು ಅಪರಾಧವಾಗಿತ್ತು. ಇದಕ್ಕೆ ದುರುದ್ದೇಶವನ್ನು ಸಾಧಿಸಬೇಕಾಗಿಲ್ಲ, ಸಾರ್ವಜನಿಕ ಹಿತದ ಬಗೆಗಿನ ಎದ್ದುಕಾಣುವ ಅವಜ್ಞೆ ಸಾಕು ಎಂದು ದೆಹಲಿ ಉಚ್ಚ ನ್ಯಾಯಾಲಯವು 2011ರಲ್ಲಿ ದೂರಸಂಪರ್ಕ ಇಲಾಖೆಯ ಪ್ರಕರಣವೊಂದರಲ್ಲಿ ಅರ್ಥೈಸಿತು. ಪ್ರಾಮಾಣಿಕ ಅಧಿಕಾರಿಗಳು ನಿರ್ಣಯ ಕೈಗೊಳ್ಳಲು ಅಂಜುವರೆಂಬ ವಾದವು ಬಲಗೊಂಡು, 2018ರ ತಿದ್ದುಪಡಿಯಲ್ಲಿ ಆ ಉಪವಾಕ್ಯವು ಅಳಿಸಿಹೋಯಿತು.

ಆ ಅಂಜಿಕೆ ಸುಳ್ಳಲ್ಲ. ಆದರೆ ಕರ್ನಾಟಕದ ಅನುಭವವನ್ನೂ ಎದುರಿಗಿಟ್ಟು ನೋಡಬೇಕು. 2010ರಲ್ಲಿ ಉತ್ತರ ಕನ್ನಡದ ಬೇಲೆಕೇರಿ ಬಂದರಿನಲ್ಲಿ ಅರಣ್ಯ ಇಲಾಖೆಯು ಮುಟ್ಟುಗೋಲು ಹಾಕಿಕೊಂಡಿದ್ದ ಅದಿರಿನಲ್ಲಿ ಲಕ್ಷಾಂತರ ಟನ್ ಹಡಗೇರಿ ಹೊರಟುಹೋಯಿತು. ಚಿನ್ನದ ಪುಡಿಯನ್ನು ಸೆರಗಿನಲ್ಲಿ ಮರೆಮಾಡಬಹುದು. ಬೆಟ್ಟದಂತಹ ಅದಿರಿನ ರಾಶಿಯನ್ನು ಮರೆಮಾಡಲಾಗದು. ಇಂತಹ ಪ್ರಸಂಗದಲ್ಲಿ ಲಂಚ ಪಡೆದವನನ್ನು ಪತ್ತೆಹಚ್ಚುವುದು ಒಂದು ಕಾರ್ಯ. ಕಾಯಬೇಕಾದವನು ಏಕೆ ಕಾಣಲಿಲ್ಲವೆಂದು ಕೇಳುವುದು ಇನ್ನೊಂದು. ಉದ್ದೇಶವನ್ನಷ್ಟೇ ಅಳೆಯುವ ಕಾನೂನು ಎರಡನೆಯ ಪ್ರಶ್ನೆಯನ್ನು ಇಲಾಖೆಯ ಕಡತಕ್ಕೆ ಬಿಟ್ಟುಬಿಡುತ್ತದೆ.

ನಂದಿದುರ್ಗದ ಕೂಲಿಕಾರನ ಮೇಲೆ ಹೊರಿಸಿದ ಭಾರವು ನ್ಯಾಯವಾದುದಲ್ಲ. ಅದನ್ನೇ ಅಧಿಕಾರಿಯ ಮೇಲೂ ಹೊರಿಸಬೇಕೆಂಬುದು ನಮ್ಮ ಅಭಿಪ್ರಾಯವಲ್ಲ. ಸದ್ಭಾವದ ತಪ್ಪನ್ನು ಕ್ಷಮಿಸಿ, ಘೋರ ಅಲಕ್ಷ್ಯವನ್ನು ಅದರ ತೂಕಕ್ಕೆ ತಕ್ಕಂತೆ ದಂಡಿಸುವ ಮಧ್ಯಮ ಮಾರ್ಗವೊಂದು ಇರಲೇಬೇಕು. ಕೈಯಲ್ಲಿದ್ದ ಚಿಟಿಕೆ ಚಿನ್ನಕ್ಕೆ ಲೆಕ್ಕ ಕೇಳಿದ ನಾಡು, ಕೈಜಾರಿದ ರಾಶಿಗೂ ಲೆಕ್ಕ ಕೇಳಬೇಡವೇ?