ಚಿನ್ನದ ನೆಲಕ್ಕೆ ಬಂದವರು



ಮೇ ತಿಂಗಳ ಮೊದಲ ದಿನ ಧರ್ಮಸಭೆಯು ಕಾರ್ಮಿಕ ಸಂತ ಜೋಸೆಫರ ಹಬ್ಬವನ್ನು ಆಚರಿಸುತ್ತದೆ. ಈ ಹಬ್ಬ ಬಹಳ ಹಳೆಯದೇನಲ್ಲ. 1955ರಲ್ಲಿ ಜಗದ್ಗುರು ಹನ್ನೆರಡನೇ ಪಯಸ್‌ರವರು ಇದನ್ನು ಸ್ಥಾಪಿಸಿದರು. ಅಷ್ಟು ಹೊತ್ತಿಗೆ ಮೇ ಒಂದು ಲೋಕದ ಕಾರ್ಮಿಕರ ದಿನವಾಗಿ ಅರವತ್ತು ವರ್ಷಗಳ ಮೇಲಾಗಿತ್ತು. ಹಬ್ಬ ಮೊದಲು ಬೀದಿಯಲ್ಲಿ ಹುಟ್ಟಿತು, ಆಮೇಲೆ ದೇವಾಲಯದೊಳಕ್ಕೆ ಬಂತು.

ಹೋಳೂರಿನ ಕಡೆ ಮನೆ ಆಶೀರ್ವಾದಕ್ಕೆ ಹೋದಾಗ ಒಂದು ಮಾತನ್ನು ನಾವು ಪದೇ ಪದೇ ಕೇಳುತ್ತೇವೆ. "ಫಾದರ್, ನರಸಾಪುರದ ಕಂಪನಿಗಳಿಗೆಲ್ಲ ಹೊರಗಿನವರೇ ತುಂಬಿಕೊಂಡವ್ರೆ. ನಮ್ಮ ಹುಡುಗರಿಗೆ ಕೆಲಸ ಎಲ್ಲಿ?" ಈ ನೋವು ಸುಳ್ಳಲ್ಲ. ಸಾವಿರ ಅಡಿ ಕೊರೆದರೂ ಬೋರ್‌ವೆಲ್‌ನಲ್ಲಿ ನೀರು ಸಿಗದೆ, ಟೊಮೆಟೊ ಬೆಲೆ ಬಿದ್ದು, ಓದಿದ ಮಗ ಮನೆಯಲ್ಲೇ ಕುಳಿತಿದ್ದರೆ ತಂದೆ ಇನ್ನೇನು ಹೇಳಿಯಾನು? ಆದರೆ 'ಹೊರಗಿನವರು' ಎನ್ನುವ ಆ ಪದಕ್ಕೆ ನಮ್ಮ ಜಿಲ್ಲೆಯಲ್ಲಿ ನೂರನಲವತ್ತು ವರ್ಷಗಳ ಚರಿತ್ರೆಯಿದೆ. ಹಬ್ಬದ ಈ ದಿನಗಳಲ್ಲಿ ಅದನ್ನು ಸ್ವಲ್ಪ ನೆನೆಯೋಣ.

ಮೊದಲು ಮೇ ಒಂದರ ಮೂಲಕ್ಕೆ ಹೋಗೋಣ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಮೆರಿಕದಲ್ಲಿ ಉಕ್ಕು, ರೈಲು, ಕಲ್ಲಿದ್ದಲು ಎಲ್ಲವೂ ಒಮ್ಮೆಲೇ ಬೆಳೆದವು. ಅದಕ್ಕೆ ಬೇಕಾದ ಕೈಗಳು ಹಡಗು ಹತ್ತಿ ಬಂದವು. 1886ರ ಮೇ 1ರಂದು ದಿನಕ್ಕೆ ಎಂಟೇ ಗಂಟೆ ದುಡಿಮೆ ಎಂಬ ಬೇಡಿಕೆಯಿಟ್ಟು ಕಾರ್ಮಿಕರು ಮುಷ್ಕರ ಹೂಡಿದರು. ಚಿಕಾಗೋ ನಗರದಲ್ಲಿ ಅವರಲ್ಲಿ ಬಹಳ ಮಂದಿ ಜರ್ಮನಿಯಿಂದ, ಐರ್ಲೆಂಡಿನಿಂದ, ಬೊಹೀಮಿಯದಿಂದ ಬಂದವರು. ಮೂರು ದಿನಗಳ ನಂತರ ಹೇಮಾರ್ಕೆಟ್ ಚೌಕದಲ್ಲಿ ಬಾಂಬು ಸಿಡಿಯಿತು, ಪೊಲೀಸರು ಗುಂಡು ಹಾರಿಸಿದರು, ಎರಡು ಕಡೆಯವರೂ ಸತ್ತರು. ಬಾಂಬು ಎಸೆದವರು ಯಾರೆಂದು ಸಾಬೀತಾಗದಿದ್ದರೂ 1887ರಲ್ಲಿ ನಾಲ್ವರನ್ನು ಗಲ್ಲಿಗೇರಿಸಲಾಯಿತು.

ಆದರೆ ಅಲ್ಲಿಯ ಕಾರ್ಮಿಕರೆಲ್ಲ ಒಂದೇ ಮನಸ್ಸಿನವರಾಗಿದ್ದರು ಎಂದುಕೊಳ್ಳಬಾರದು. 1885ರಲ್ಲಿ ವಯೋಮಿಂಗ್‌ನ ರಾಕ್ ಸ್ಪ್ರಿಂಗ್ಸ್ ಎಂಬಲ್ಲಿ ಕಲ್ಲಿದ್ದಲು ಗಣಿಯ ಬಿಳಿಯ ಕಾರ್ಮಿಕರೇ 28 ಮಂದಿ ಚೀನೀ ಕಾರ್ಮಿಕರನ್ನು ಕೊಂದು, ಅವರ ಗುಡಿಸಲುಗಳಿಗೆ ಬೆಂಕಿಯಿಟ್ಟರು. ಕೊಂದವರಲ್ಲೂ ಅನೇಕರು ಯೂರೋಪಿನಿಂದ ಬಂದ ವಲಸಿಗರು. ನಿನ್ನೆ ಬಂದವನಿಗೆ ಇಂದು ಬಂದವನು ಹೊರಗಿನವನಾಗಿದ್ದ.

ಇದೇ ವರ್ಷಗಳಲ್ಲಿ ನಮ್ಮ ನೆಲದಲ್ಲಿ ಏನಾಗುತ್ತಿತ್ತು?

ಕೋಲಾರದ ಚಿನ್ನ ಬಿಳಿಯರು ಕಂಡುಹಿಡಿದದ್ದಲ್ಲ. 1802ರಲ್ಲಿ ಮೈಸೂರಿನ ಪೂರ್ವದ ಗಡಿ ಅಳೆಯಲು ಬಂದಿದ್ದ ಲೆಫ್ಟಿನೆಂಟ್ ಜಾನ್ ವಾರನ್, ಚಿನ್ನ ತೋರಿಸಿದವರಿಗೆ ಬಹುಮಾನ ಎಂದಾಗ, ಉರಿಗಾಂ ಹಳ್ಳಿಯವರು ಗಾಡಿಯಲ್ಲಿ ಮಣ್ಣು ತುಂಬಿ ತಂದು ಅವನ ಕಣ್ಣೆದುರೇ ತೊಳೆದು ಚಿನ್ನದ ಕಣಗಳನ್ನು ತೋರಿಸಿದರು. ಮಾರಿಕುಪ್ಪಂನಲ್ಲಿ ಊರಿನ ದಲಿತರು ಆಳವಾದ ಗುಂಡಿಗಳಿಗೆ ಇಳಿದು ಮಣ್ಣನ್ನು ಬುಟ್ಟಿಯಲ್ಲಿ ಕೈಯಿಂದ ಕೈಗೆ ಮೇಲೆ ಕಳುಹಿಸುತ್ತಿದ್ದರು. ತೊಳೆದು ಚಿನ್ನ ಬೇರ್ಪಡಿಸುವುದು ಹೆಂಗಸರ ಕೆಲಸ. ವಾರನ್ ಬರೆದ ವರದಿಯನ್ನು ಎಷ್ಟೋ ದಶಕಗಳ ನಂತರ ಓದಿ ಆಸೆಪಟ್ಟವನು ಮೈಕೆಲ್ ಲ್ಯಾವೆಲ್ ಎಂಬ ಐರ್ಲೆಂಡಿನ ಮಾಜಿ ಸೈನಿಕ. ಬೆಂಗಳೂರಿನ ಲ್ಯಾವೆಲ್ ರಸ್ತೆಗೆ ಅವನದೇ ಹೆಸರು. 1875ರಲ್ಲಿ ಅವನಿಗೆ ಪರವಾನಗಿ ಸಿಕ್ಕಿತು, ಆದರೆ ಕೈಯಲ್ಲಿ ಹಣವಿರಲಿಲ್ಲ. ಕೈಯಿಂದ ಕೈಗೆ ದಾಟಿ 1880ರಲ್ಲಿ ಗಣಿಗಳು ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿಯ ಆಡಳಿತಕ್ಕೆ ಬಂದವು. ಮೊದಲ ಕೆಲವು ವರ್ಷ ಬರೀ ನಷ್ಟ. ಆಮೇಲೆ ಚಾಂಪಿಯನ್ ರೀಫ್ ಎಂಬ ಚಿನ್ನದ ಪದರ ಸಿಕ್ಕಿತು. ಒಂದು ಟನ್ ಕಲ್ಲಿಗೆ ನಲವತ್ತು ಗ್ರಾಂಗೂ ಹೆಚ್ಚು ಚಿನ್ನ. ಮೈಸೂರು ಸರ್ಕಾರಕ್ಕೆ ರಾಯಲ್ಟಿ, ಲಂಡನ್ನಿನ ಷೇರುದಾರರಿಗೆ ಲಾಭಾಂಶ.

ಆದರೆ ಪಾತಾಳಕ್ಕೆ ಇಳಿಯುವವರು ಯಾರು? ಸುತ್ತಲಿನ ಕನ್ನಡ, ತೆಲುಗು ಒಕ್ಕಲು ಮಕ್ಕಳಲ್ಲಿ ಹೆಚ್ಚಿನವರು ಗಣಿಗೆ ಇಳಿಯಲು ಮನಸ್ಸು ಮಾಡಲಿಲ್ಲ. ಇದನ್ನು ನಾವು ಮರೆತಿದ್ದೇವೆ. ನಮ್ಮ ಕೆಲಸವನ್ನು ಯಾರೂ ಬಂದು ಕಿತ್ತುಕೊಳ್ಳಲಿಲ್ಲ. ನಾವು ಬೇಡವೆಂದ ಕೆಲಸಕ್ಕೆ ಅವರು ಬಂದರು. ಉತ್ತರ ಆರ್ಕಾಟು, ಸೇಲಂ, ಚಿತ್ತೂರು ಕಡೆಗಳಿಂದ ಮೇಸ್ತ್ರಿಗಳು ಮುಂಗಡ ಕೊಟ್ಟು ಆಳುಗಳನ್ನು ಕರೆತಂದರು. ಬಂದವರಲ್ಲಿ ಬಹುಪಾಲು ದಲಿತರು. 1876ರಿಂದ 78ರವರೆಗಿನ ಭೀಕರ ಕ್ಷಾಮ ಆಗಷ್ಟೇ ಮುಗಿದಿತ್ತು. ಮೈಸೂರು ಸಂಸ್ಥಾನವೊಂದರಲ್ಲೇ ಐದರಲ್ಲಿ ಒಂದು ಪಾಲು ಜನ ಅಳಿದರೆಂದು ಲೆಕ್ಕ. ಬದುಕುಳಿದವನಿಗೆ ಊರಿನಲ್ಲಿ ಕಾದಿದ್ದದ್ದು ಜೀತ. ಗಣಿಯಲ್ಲಿ ಕತ್ತಲಿತ್ತು, ಸಾವಿತ್ತು. ಆದರೆ ಸಂಬಳ ಕೈಗೇ ಬರುತ್ತಿತ್ತು, ದಣಿಯ ಮುಂದೆ ಕೈಕಟ್ಟಿ ನಿಲ್ಲಬೇಕಿರಲಿಲ್ಲ. ಹಾಗಾಗಿ ಅವರನ್ನು ಕೇವಲ ಹೊಟ್ಟೆಗಿಲ್ಲದೆ ಬಂದವರು ಎಂದರೆ ಅರ್ಧ ಮಾತು ಹೇಳಿದಂತೆ.

1891ರ ಜನಗಣತಿಯಲ್ಲಿ ಕೋಲಾರ ಚಿನ್ನದ ಗಣಿ ಪ್ರದೇಶದ ಜನಸಂಖ್ಯೆ 7,085. ಹತ್ತೇ ವರ್ಷಗಳಲ್ಲಿ, 1901ರ ಹೊತ್ತಿಗೆ, ಅದು 38,204 ಆಯಿತು! 1894ರಲ್ಲಿ ಬೌರಿಂಗ್‌ಪೇಟೆಯಿಂದ, ಅಂದರೆ ಇಂದಿನ ಬಂಗಾರಪೇಟೆಯಿಂದ, ಮಾರಿಕುಪ್ಪಂವರೆಗೆ ರೈಲು ಬಂತು. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ತಂತಿ ಎಳೆದು ವಿದ್ಯುತ್ ತಂದರು. ಬೆಂಗಳೂರು ನಗರಕ್ಕಿಂತ ಮೊದಲೇ ಗಣಿಯ ಯಂತ್ರಗಳು ಕರೆಂಟಿನಲ್ಲಿ ಓಡಿದವು.

ಕೆಲಸ ಹಂಚಿದ ರೀತಿಯನ್ನೂ ನೋಡಬೇಕು. ಮೇಲಿನ ಸ್ಥಾನಗಳಲ್ಲಿ ಇಂಗ್ಲೆಂಡಿನ ಕಾರ್ನ್‌ವಾಲ್‌ನವರು. ಅಲ್ಲಿಯ ತವರ, ತಾಮ್ರದ ಗಣಿಗಳು ಸೊರಗಿದ್ದರಿಂದ ಅವರೂ ಹೊಟ್ಟೆಪಾಡಿಗೆ ಕಡಲು ದಾಟಿದವರೇ. ಅವರ ಜೊತೆಗೆ ಇಟಲಿಯವರು, ಆಂಗ್ಲೋ ಇಂಡಿಯನ್ನರು. ಕಾವಲಿಗೆ ಪಂಜಾಬಿನವರು. ಎಲ್ಲಕ್ಕಿಂತ ಕೆಳಗೆ, ಎಲ್ಲಕ್ಕಿಂತ ಆಳದಲ್ಲಿ, ತಮಿಳು ತೆಲುಗು ಕಾರ್ಮಿಕರು. ಮೇಲಿನವರಿಗೆ ತೋಟವಿದ್ದ ಬಂಗಲೆ, ಕ್ಲಬ್ಬು. ಕೆಳಗಿನವರಿಗೆ ಬಿದಿರು ತಟ್ಟಿಯ ಗುಡಿಸಲುಗಳ ಸಾಲು. ಆ ಸಾಲುಗಳಿಗೆ 'ಲೈನು' ಎಂದೇ ಹೆಸರು, ಇಂದಿಗೂ. ಎಲ್ಲರೂ ವಲಸಿಗರು, ಆದರೆ 'ಕೂಲಿ' ಎನಿಸಿಕೊಂಡವರು ಒಂದೇ ಸಾಲಿನವರು.

ಈಗ ಧರ್ಮಸಭೆಯ ಕಡೆಗೆ ಬರೋಣ. ಅಮೆರಿಕದಲ್ಲಿ 'ನೈಟ್ಸ್ ಆಫ್ ಲೇಬರ್' ಎಂಬ ಕಾರ್ಮಿಕ ಸಂಘಟನೆಯಲ್ಲಿ ಲಕ್ಷಾಂತರ ಕಥೋಲಿಕರಿದ್ದರು. ಅದನ್ನು ಗುಪ್ತ ಸಂಘವೆಂದು ಖಂಡಿಸಬೇಕೆಂದು ಕೆಲವರು ರೋಮನ್ನು ಒತ್ತಾಯಿಸಿದಾಗ, ಬಾಲ್ಟಿಮೋರಿನ ಕಾರ್ಡಿನಲ್ ಗಿಬ್ಬನ್ಸ್ 1887ರಲ್ಲಿ ಅದರ ಪರವಾಗಿ ನಿಂತರು. ಬಡವರ ಸಂಘವನ್ನು ಖಂಡಿಸಿದರೆ ಧರ್ಮಸಭೆ ಬಡವರನ್ನೇ ಕಳೆದುಕೊಳ್ಳುತ್ತದೆ ಎಂಬುದು ಅವರ ವಾದದ ತಿರುಳು. ಆ ಸಂಘದವರು ಚೀನೀಯರ ವಿಷಯದಲ್ಲಿ ನ್ಯಾಯವಾಗಿ ನಡೆದುಕೊಳ್ಳಲಿಲ್ಲ ಎಂಬುದನ್ನೂ ನಾವು ಮುಚ್ಚಿಡಬಾರದು. ನಾಲ್ಕು ವರ್ಷಗಳ ನಂತರ, 1891ರ ಮೇ 15ರಂದು, ಜಗದ್ಗುರು ಹದಿಮೂರನೇ ಲಿಯೋರವರು 'ರೇರುಂ ನೊವಾರುಂ' ಎಂಬ ವಿಶ್ವಪತ್ರವನ್ನು ಹೊರಡಿಸಿದರು. 2025ರ ಮೇ ತಿಂಗಳಲ್ಲಿ ಆಯ್ಕೆಯಾದ ಜಗದ್ಗುರುಗಳು ಹದಿನಾಲ್ಕನೇ ಲಿಯೋ ಎಂಬ ಹೆಸರನ್ನು ಆರಿಸಿಕೊಂಡದ್ದಕ್ಕೆ ಈ ಪತ್ರವೇ ಮುಖ್ಯ ಕಾರಣವೆಂದು ಅವರೇ ತಿಳಿಸಿದ್ದಾರೆ.

ಆ ಪತ್ರ ತಡವಾಗಿ ಬಂತು ಎಂದು ಹೇಳುವವರಿದ್ದಾರೆ. ಅದು ನಿಜವೇ. ಆದರೂ ಅದರಲ್ಲಿ ಎರಡು ಮಾತುಗಳು ನಮ್ಮ ಜಿಲ್ಲೆಗೇ ಬರೆದಂತಿವೆ. ಒಂದು, ಗತಿಯಿಲ್ಲದವನು ಕಡಿಮೆ ಕೂಲಿಗೆ ಒಪ್ಪಿದ ಮಾತ್ರಕ್ಕೆ ಆ ಕೂಲಿ ನ್ಯಾಯವಾಗುವುದಿಲ್ಲ. ಅದು ಬಲಾತ್ಕಾರಕ್ಕೆ ಒಳಗಾದವನ ಒಪ್ಪಿಗೆ. ಇನ್ನೊಂದು, ಭೂಮಿಯ ಒಡಲಿಂದ ಕಲ್ಲು, ಲೋಹ ತೆಗೆಯುವವರ ದುಡಿಮೆ ಆರೋಗ್ಯಕ್ಕೆ ಕಠಿಣವಾದಷ್ಟೂ ಅವರ ಗಂಟೆಗಳು ಕಡಿಮೆಯಾಗಬೇಕು. 38 ಸಾವಿರ ಜನ ಮಾರಿಕುಪ್ಪಂ, ಉರಿಗಾಂ, ಚಾಂಪಿಯನ್ ರೀಫ್ಸ್‌ಗಳಲ್ಲಿ ಗುಡಿಸಲು ಕಟ್ಟಿಕೊಳ್ಳಲಾರಂಭಿಸಿದ ದಶಕದ ಮೊದಲ ವರ್ಷದಲ್ಲಿ ಬರೆದ ಮಾತಿದು.

ಗಣಿ ನಡೆದದ್ದು ಬೇರೆ ರೀತಿಯಲ್ಲಿ. ಚಿನ್ನ ಕದಿಯುತ್ತಾರೆಂದು 1897ರಲ್ಲಿ ಮೈಸೂರು ಸರ್ಕಾರ ಪ್ರತ್ಯೇಕ ಗಣಿ ಕಾಯಿದೆಯನ್ನೇ ತಂದಿತು. 1930ರಲ್ಲಿ ಪ್ರತಿಯೊಬ್ಬ ಕಾರ್ಮಿಕನೂ ಬೆರಳಚ್ಚು ಕೊಟ್ಟು ನೋಂದಾಯಿಸಿಕೊಳ್ಳಬೇಕು ಎಂದಾಗ, 'ನಾವೇನು ಕಳ್ಳರೇ' ಎಂದು ಜನ ಸಿಡಿದೆದ್ದರು. ಇಪ್ಪತ್ತೊಂದು ದಿನ ಗಣಿಗೆ ಇಳಿಯಲಿಲ್ಲ. ಕೂಲಿಗಾಗಿ ಅಲ್ಲ, ಮರ್ಯಾದೆಗಾಗಿ ಆರಂಭವಾದ ಮುಷ್ಕರ ಅದು. 1946ರ ನವೆಂಬರ್ 4ರಂದು ಪೊಲೀಸರ ಗೋಲಿಬಾರಿನಲ್ಲಿ ಆರು ಕಾರ್ಮಿಕರು ಸತ್ತರು. ಇನ್ನು ಸದ್ದಿಲ್ಲದೆ ಸತ್ತವರು? ಕಲ್ಲಿನ ಧೂಳು ಎದೆಗೂಡಿನಲ್ಲಿ ಕೂತು ಬರುವ ಸಿಲಿಕೋಸಿಸ್ ರೋಗ 1940ರ ದಶಕದ ತಪಾಸಣೆಯಲ್ಲಿ ನೂರಕ್ಕೆ ನಲವತ್ತಕ್ಕೂ ಹೆಚ್ಚು ಮಂದಿಯಲ್ಲಿ ಕಂಡಿತು. ಗಣಿ ಮೂರು ಕಿಲೋಮೀಟರ್‌ಗೂ ಆಳಕ್ಕೆ ಹೋಯಿತು. ಅಲ್ಲಿ ಬಂಡೆಯ ಬಿಸಿ ಅರವತ್ತು ಡಿಗ್ರಿ ದಾಟುತ್ತಿತ್ತು; ಒತ್ತಡಕ್ಕೆ ಬಂಡೆಯೇ ಸಿಡಿಯುತ್ತಿತ್ತು. ಮೇಲೆ ಮನೆಗಳಲ್ಲಿ ಪಾತ್ರೆ ಅಲುಗಿದರೆ ಹೆಂಗಸರು ಶಾಫ್ಟಿನ ಕಡೆಗೆ ಓಡುತ್ತಿದ್ದರು ಎಂದು ಅಲ್ಲಿಂದ ನಮ್ಮ ಕಡೆಗೆ ಸೊಸೆಯಾಗಿ ಬಂದ ಒಬ್ಬ ತಾಯಿ ನಮಗೆ ಹೇಳಿದ್ದಾರೆ.

1956ರಲ್ಲಿ ಗಣಿಗಳು ಮೈಸೂರು ಸರ್ಕಾರಕ್ಕೆ, 1962ರಲ್ಲಿ ಕೇಂದ್ರಕ್ಕೆ ಬಂದವು. 2001ರ ಫೆಬ್ರವರಿ 28ರಂದು ಮುಚ್ಚಿದವು. ನೂರಿಪ್ಪತ್ತು ವರ್ಷಗಳಲ್ಲಿ ತೆಗೆದ ಚಿನ್ನ ಸುಮಾರು 800 ಟನ್. ಉಳಿದದ್ದು ಬೂದು ಬಣ್ಣದ ಸೈನೈಡ್ ಗುಡ್ಡಗಳು, ಮತ್ತು ಜನ. ನಾಲ್ಕನೆಯ ಐದನೆಯ ತಲೆಮಾರಿಗೆ ಬಂದರೂ ಅವರನ್ನು ಕೋಲಾರದ ಅಂಗಡಿ ಬೀದಿಯಲ್ಲಿ ಇಂದಿಗೂ ಹೊರಗಿನವರೆಂದೇ ಕರೆಯುವುದುಂಟು. ನಮ್ಮ ಧರ್ಮಪ್ರಾಂತ್ಯದಲ್ಲಿ ಪೂಜೆಯ ಭಾಷೆಯ ಬಗ್ಗೆ ನಡೆದ ಜಗಳ ನಿಮಗೆಲ್ಲ ಗೊತ್ತಿದೆ. ಕನ್ನಡ ಈ ನೆಲದ ಭಾಷೆ, ಅದಕ್ಕೆ ಅದರ ಸ್ಥಾನ ಸಿಗಲೇಬೇಕು ಎನ್ನುವವರಲ್ಲಿ ನಾವೂ ಒಬ್ಬರು. ಆದರೆ ವಿಜಯಮಾತೆಯ ದೇವಾಲಯದ ಸುತ್ತ ಮಲಗಿರುವ ಗಣಿ ಕಾರ್ಮಿಕರು ಈ ನೆಲದೊಳಕ್ಕೆ ನಮಗಿಂತ ಆಳವಾಗಿ ಹೋದವರು.

ಈಗ ಬೆಳಗಿನ ಜಾವ ಮಾರಿಕುಪ್ಪಂನಿಂದ ಹೊರಡುವ ರೈಲುಗಳಲ್ಲಿ ಅವರ ಮಕ್ಕಳು, ಮೊಮ್ಮಕ್ಕಳು ಸಾವಿರಗಟ್ಟಲೆ ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ. ಇತ್ತ ನರಸಾಪುರ, ವೇಮಗಲ್‌ಗಳಿಗೆ ಬೇರೆ ಬೇರೆ ರಾಜ್ಯಗಳ ಹುಡುಗರು ಬರುತ್ತಿದ್ದಾರೆ. 2020ರ ಡಿಸೆಂಬರ್ 12ರಂದು ನರಸಾಪುರದ ವಿಸ್ಟ್ರಾನ್ ಕಾರ್ಖಾನೆಯಲ್ಲಿ, ಹೇಳಿದ ಸಂಬಳ ಬರಲಿಲ್ಲವೆಂದು ಕಾರ್ಮಿಕರು ರೊಚ್ಚಿಗೆದ್ದು ಗಾಜು ಒಡೆದರು. ಒಡೆದದ್ದು ತಪ್ಪು. ಕೆಲವರಿಗೆ ಸಂಬಳ ಸರಿಯಾಗಿ ಪಾವತಿಯಾಗಿರಲಿಲ್ಲವೆಂದು ಕಂಪನಿಯೂ ಒಪ್ಪಿಕೊಂಡು ಕ್ಷಮೆ ಕೇಳಿತು. 2023ರಲ್ಲಿ ಆ ಕಾರ್ಖಾನೆ ಟಾಟಾದವರ ಕೈಗೆ ಬಂತು. ಅಲ್ಲಿ ಬಹುಪಾಲು ಮಂದಿ ಏಜೆನ್ಸಿಗಳ ಮೂಲಕ ಗುತ್ತಿಗೆಯ ಮೇಲೆ ಸೇರಿದ್ದವರು. ಹಿಂದೆ ಮೇಸ್ತ್ರಿ ಇದ್ದ ಜಾಗದಲ್ಲಿ ಈಗ ಏಜೆನ್ಸಿ ಇದೆ. ಸ್ಥಳೀಯರಿರಲಿ ಹೊರಗಿನವರಿರಲಿ, ಗುತ್ತಿಗೆಯವನ ಸಂಬಳದ ಚೀಟಿ ಒಂದೇ ಥರ ಇರುತ್ತದೆ.

ಕಳೆದ ವರ್ಷ ಮೇ ಒಂದರ ಬಲಿಪೂಜೆಗೆ ಜಾರ್ಖಂಡಿನ ನಾಲ್ವರು ಹುಡುಗರು ಬಂದು ಬಾಗಿಲ ಬಳಿಯೇ ನಿಂತಿದ್ದರು. ಬೆಂಚುಗಳಲ್ಲಿ ಜಾಗವಿತ್ತು, ಆದರೆ ಯಾರೂ ಕರೆಯಲಿಲ್ಲ, ಅವರೂ ಮುಂದೆ ಬರಲಿಲ್ಲ. ಪ್ರಬೋಧನೆ ಆರಂಭಿಸುವ ಮೊದಲು ನಾವು ಗಮನಿಸಿದೆವು: ಗಣಿಯಲ್ಲಿ ಮೂವತ್ತು ವರ್ಷ ದುಡಿದು ಈಗ ಮಗಳ ಮನೆಯಲ್ಲಿರುವ ತಾತನೊಬ್ಬರು ಕೆಮ್ಮುತ್ತಲೇ ಬೆಂಚಿನ ಮೇಲೆ ಒತ್ತರಿಸಿ ಕೂತು, ಕೈ ಬೀಸಿ ಕರೆದರು. ಪೂಜೆ ಮುಗಿದ ಮೇಲೆ ಹೊರಗೆ ಹುಣಸೆಮರದ ಕೆಳಗೆ, ಅರ್ಧ ತಮಿಳು ಅರ್ಧ ಹಿಂದಿಯಲ್ಲಿ, ಆ ಹುಡುಗರನ್ನು ಅವರು ಕೇಳುತ್ತಿದ್ದರು: "ಯಾವ ಶಿಫ್ಟು? ರಾತ್ರಿದಾ?"